ನೆಲ ಮುಟ್ಟದ ಗುಡ್ಡ

ಶ್ರೀನಗರ, ಕಾಶ್ಮೀರ
ತಾ. ೨೮ ಮೇ ೧೯೩೯

ಚಿ. ಸೌ. ಸೋನುಬಾಯಿಗೆ ನಿನ್ನ ಅವ್ವ ನೀರಿನ ಮೇಲೆ ಕೂತು ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಸುಖವಾಗಿದ್ದೇವೆ. ಕಲ್ಯಾಣದಲ್ಲಿ ನೀನು, ಅಳಿಯ ಶಿವರಾಜ, ನಿನ್ನ ಅತ್ತೆಯವರು ಎಲ್ಲರೂ ಸುಖವಾಗಿದ್ದೀರಿ ಎಂದು ನಂಬಿದ್ದೇನೆ. ರಾವಲಪಿಂಡಿಯಲ್ಲಿ ರೈಲು ಇಳಿದಾಗ ನಿನ್ನ ಅಪ್ಪ ಒಂದು ಕಾರ್ಡು ಹಾಕಿದರು. "ಮುಟ್ಟಿದೆವು" ಎಂದಷ್ಟೇ ಬರೆದದ್ದನ್ನು ಓದಿ ನೀನು ನಕ್ಕಿರಬೇಕು. ಅವರ ಮಾತೂ ಅಷ್ಟೇ, ಬರವಣಿಗೆಯೂ ಅಷ್ಟೇ. ನಾನಾದರೂ ಬಂದ ಕೂಡಲೇ ಬರೆಯಬೇಕಿತ್ತು. ವಾರ ಕಳೆದುಹೋಯಿತು, ಸಿಟ್ಟಾಗಬೇಡ. ಕಾಗದ ಹಿಡಿದು ಕೂತರೆ ಕಿಟಕಿಯ ಹೊರಗೆ ಏನಾದರೊಂದು ಶುರುವಾಗುತ್ತದೆ. ಪೆನ್ನು ಕೆಳಗಿಟ್ಟು ಅದನ್ನೇ ನೋಡುತ್ತ ಉಳಿದುಬಿಡುತ್ತೇನೆ.

ಊಟ ಸರಿಯಾಗಿ ಹೋಗುತ್ತಿದೆಯೇ? ಐದನೆಯ ತಿಂಗಳಲ್ಲಿ ಬಸುರಿಯ ಬಾಯಿ ಹುಳಿ ಬೇಡುತ್ತದೆ. ಪುಂಡಿಪಲ್ಯ ತಿನ್ನು, ಆದರೆ ಖಾರ ಕಡಿಮೆ ಮಾಡು. ಬಾವಿಯಿಂದ ನೀರು ಸೇದಬೇಡ. ಅತ್ತೆಯವರು ಏನೂ ಅನ್ನಲಾರರು, ಅವರು ಒಳ್ಳೆಯವರು.

ನಿಮ್ಮ ಓಣಿಯ ಗಯಾಸುದ್ದೀನ್ ಭಾಯಿ ಇಲ್ಲದಿದ್ದರೆ ನಾವು ದಿಲ್ಲಿಯಲ್ಲೇ ಕಳೆದುಹೋಗುತ್ತಿದ್ದೆವು. ನಿನ್ನ ಅಪ್ಪನ ಜೊತೆ ಒಂದೇ ಮದರಸೆಯಲ್ಲಿ ಉರ್ದು ಕಲಿತವರು ಅವರು. ಶಾಲು ಖರೀದಿಗೆಂದು ಎಷ್ಟೋ ಸಲ ಇಲ್ಲಿಗೆ ಬಂದಿದ್ದಾರೆ. ದಾರಿಯುದ್ದಕ್ಕೂ ನನ್ನ ಗಂಟು ಹೊತ್ತರು, ನನಗೆ ಜಾಗ ಹಿಡಿದರು, ನಿನ್ನ ಅಪ್ಪ ಆಡದ ಮಾತನ್ನೆಲ್ಲ ತಾವೇ ಆಡಿದರು. ರೈಲಿನಲ್ಲಿ ಒಬ್ಬ ಪಂಜಾಬಿ ಮುದುಕ "ಕಲ್ಯಾಣ ಎಂದರೆ ಮುಂಬಯಿ ಹತ್ತಿರದ್ದೇ?" ಎಂದು ಕೇಳಿದ. ಅವರಿಗೆ ಸಿಟ್ಟೇ ಬಂತು. ಅದಲ್ಲ, ನಮ್ಮದು ಬಸವಣ್ಣನ ಕಲ್ಯಾಣ, ನಿಜಾಮರ ರಾಜ್ಯದ್ದು ಎಂದು ಅರ್ಧ ತಾಸು ತಿಳಿಸಿ ಹೇಳಿದರು.

ರಾವಲಪಿಂಡಿಯಿಂದ ಮೋಟಾರು. ನಮ್ಮ ಹುಮನಾಬಾದದಿಂದ ಗುಲಬರ್ಗಾಕ್ಕೆ ಹೋಗುವ ಮೋಟಾರನ್ನೇ ನಾನು ದೊಡ್ಡ ಪ್ರಯಾಣ ಅಂದುಕೊಂಡಿದ್ದೆ. ಇದು ಗುಡ್ಡದ ಸೊಂಟವನ್ನು ಹಿಡಿದುಕೊಂಡು ಹೋಗುವ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ, ಬಹಳ ಕೆಳಗೆ, ನೊರೆಗಟ್ಟಿ ಹರಿಯುವ ನದಿ. ಮೊದಲನೆಯ ದಿನ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ಕಣ್ಣು ತೆರೆದಾಗ ಗುಡ್ಡಗಳು ಎರಡೂ ಬದಿಗೆ ಸರಿದು ನಿಂತಿದ್ದವು. ನಡುವೆ ಹಸಿರು ಬಯಲು. ಬಾಣದ ಹಾಗೆ ನೆಟ್ಟಗಿರುವ ಮರಗಳ ಸಾಲಿನ ನಡುವೆ ದಾರಿ. ನಮ್ಮಲ್ಲಿ ಈಗ ಹೊಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದಲ್ಲ, ಇಲ್ಲಿ ಕಲ್ಲಿನ ಸಂದಿಯಿಂದಲೂ ನೀರು ಬರುತ್ತದೆ. ಯಾರೂ ಅದನ್ನು ಹಿಡಿದಿಡುವುದಿಲ್ಲ. ಹರಿದುಹೋಗುತ್ತದೆ, ಹೋಗಲಿ ಎಂದು ಬಿಡುತ್ತಾರೆ. ನನಗೆ ಅದೇ ಮೊದಲ ಸೋಜಿಗ.

ನಾವು ಇರುವುದು ದೋಣಿಯ ಮನೆಯಲ್ಲಿ. ನಿನ್ನ ಅತ್ತೆಯವರಿಗೆ ಓದಿ ಹೇಳಿದರೆ ನಂಬಲಿಕ್ಕಿಲ್ಲ. ದೊಡ್ಡ ದೋಣಿಯ ಮೇಲೆ ಮರದ ಮನೆ. ಅದಕ್ಕೆ ಪಡಸಾಲೆ, ಮಲಗುವ ಕೋಣೆ, ಕೆತ್ತನೆಯ ಕಿಟಕಿ. ಅಡುಗೆಗೆ ಹಿಂದೆ ಬೇರೆ ದೋಣಿ. ದೋಣಿಯವನ ಹೆಸರು ರಮಜಾನ. ಅವನ ಹೆಂಡತಿಗೆ ನನ್ನ ಭಾಷೆ ಬಾರದು, ನನಗೆ ಅವಳದು ಬಾರದು. ಮೊದಲ ದಿನ ನಾನು ಗಂಟು ಬಿಚ್ಚಿ ಜೋಳದ ರೊಟ್ಟಿ ಬಡಿಯಲು ಕೂತಾಗ ಅವಳು ಒಲೆ ಬಿಟ್ಟು ಬಂದು ಎದುರಿಗೆ ಕೂತಳು. ರೊಟ್ಟಿ ಅಗಲವಾಗುತ್ತ ಹೋದ ಹಾಗೆ ಅವಳ ಬಾಯಿ ತೆರೆಯುತ್ತ ಹೋಯಿತು. ಆಮೇಲೆ ತಾನೂ ಬಡಿದು ನೋಡಿದಳು. ಹರಿದುಹೋಯಿತು. ಇಬ್ಬರೂ ನಕ್ಕೆವು. ಅವತ್ತಿನಿಂದ ದಿನಾ ಬೆಳಗ್ಗೆ ನನಗೆ ಒಂದು ಮುಷ್ಟಿ ಕೆಂಪು ಗಿಲಾಸ ಹಣ್ಣು ತಂದಿಡುತ್ತಾಳೆ. ಬಾರೆಹಣ್ಣಿನಷ್ಟೇ ಇರುತ್ತವೆ, ಬಾಯಲ್ಲಿಟ್ಟರೆ ಸಿಹಿನೀರು.

ಇಲ್ಲಿ ಬಂದವರು ಏನೇನು ಮಾಡಬೇಕು ಎಂದು ರಮಜಾನನಿಗೆ ಬಾಯಿಪಾಠ. ಬಾದಶಹರ ತೋಟ ನೋಡಬೇಕು, ಶಂಕರಾಚಾರ್ಯರ ಗುಡ್ಡ ಹತ್ತಬೇಕು, ಉದ್ದನೆಯ ಅಂಗಿ ತೊಟ್ಟು ಫೋಟೋ ತೆಗೆಸಬೇಕು. ಫೋಟೋ ನಿನ್ನ ಅಪ್ಪ ಬೇಡವೆಂದರು. ಗುಡ್ಡ ಹತ್ತಿದೆವು. ಮೇಲೆ ಕಲ್ಲಿನ ಶಿವನ ಗುಡಿ. ನಾರಾಯಣಪುರದ ಗುಡಿಯಂಥ ಕುಸುರಿ ಕೆಲಸ ಇಲ್ಲ, ಬರೀ ಕಲ್ಲು. ಆದರೆ ಗುಡಿಯ ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಕೆಳಗೆ ಸರೋವರ ಪೂರ್ತಿ ಹಾಸಿಕೊಂಡಿರುತ್ತದೆ. ನನ್ನ ತವರು ಕಲ್ಯಾಣದ ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ಬಟ್ಟೆ ಒಗೆದು ಬೆಳೆದವಳು ನಾನು. ಇಷ್ಟೊಂದು ನೀರು ಇಷ್ಟೊಂದು ಸುಮ್ಮನೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ನಿನ್ನೆ ಬೆಳಗ್ಗೆ ಕಂಡದ್ದು. ಸೂರ್ಯ ಹುಟ್ಟುವ ಹೊತ್ತಿಗೆ ರಮಜಾನ ನಮ್ಮನ್ನು ಸಣ್ಣ ದೋಣಿಯಲ್ಲಿ ಕಾಯಿಪಲ್ಯದ ಸಂತೆಗೆ ಕರೆದುಕೊಂಡು ಹೋದ. ಸಂತೆ ನೀರಿನ ಮೇಲೆಯೇ ನಡೆಯುತ್ತದೆ. ಮಾರುವವರೂ ದೋಣಿಯಲ್ಲಿ, ಕೊಳ್ಳುವವರೂ ದೋಣಿಯಲ್ಲಿ. ಮೂಲಂಗಿ, ಸೊಪ್ಪು, ತಾವರೆಯ ದಂಟು. ಚಿಟಗುಪ್ಪದ ಸಂತೆಯಲ್ಲಿ ಕೇಳುವ ಅದೇ ಚೌಕಾಸಿ, ಅದೇ ಸಿಟ್ಟು, ಆದರೆ ಕೆಳಗೆ ನೆಲವಿಲ್ಲ. ಹುಲ್ಲು ಹೆಣೆದು, ಅದರ ಮೇಲೆ ಮಣ್ಣು ಹಾಕಿ, ನೀರಿನ ಮೇಲೆಯೇ ತೋಟ ತೇಲಿಬಿಡುತ್ತಾರಂತೆ. ಕಳ್ಳರು ಬಂದರೆ ಕಾಯಿಪಲ್ಯ ಕೀಳುವುದಿಲ್ಲವಂತೆ, ತೋಟವನ್ನೇ ಎಳೆದುಕೊಂಡು ಹೋಗುತ್ತಾರಂತೆ. ಇದನ್ನು ಕೇಳಿ ನಿನ್ನ ಅಪ್ಪ ನಕ್ಕರು. ವ್ಯಾಪಾರಿಯಲ್ಲವೇ.

ವಾಪಸ್ ಬರುವಾಗ ಗಾಳಿ ನಿಂತಿತು. ರಮಜಾನ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಗುಡ್ಡ, ಅದರ ತುದಿಯ ಬರ್ಫ, ಆಕಾಶ, ಎಲ್ಲವೂ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಮೇಲಿನದು ಖರೆಯೋ ಕೆಳಗಿನದು ಖರೆಯೋ ತಿಳಿಯದು. ನಾನು ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡು ಕೂತಿದ್ದೆ, ಉಸಿರು ಬಿಟ್ಟರೆ ಎಲ್ಲಿ ಅಲುಗಾಡಿಬಿಡುತ್ತದೋ ಎಂದು. ಸೋನಿ, ಐವತ್ತರ ಹತ್ತಿರ ಬಂದವಳು ನಾನು. ದೇವರು ಮಾಡಿದ್ದನ್ನು ಇಷ್ಟು ವರ್ಷ ಒಂದು ಮೂಲೆಯಲ್ಲಷ್ಟೇ ನೋಡುತ್ತ ಕೂತಿದ್ದೆ ಅನಿಸಿತು.

ನಾಳಿದ್ದು ಗುಲಮರ್ಗಕ್ಕೆ ಹೊರಡುತ್ತೇವೆ. ಅಲ್ಲಿ ಬರ್ಫನ್ನು ಕೈಯಲ್ಲಿ ಮುಟ್ಟಬಹುದಂತೆ. ನಿನ್ನ ಹೊಟ್ಟೆ ತಣ್ಣಗಿರಲಿ, ಹೊಸಿಲು ತುಂಬಿರಲಿ. ಅಳಿಯಂದಿರಿಗೆ ನಮ್ಮ ನೆನಪು ಹೇಳು.

ನಿನ್ನ ಅವ್ವ,
ಯಶೋದಾಬಾಯಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ನಾವು ಹವಾ ಬದಲಾವಣೆಗೆ ಬಂದಿದ್ದೇವೆ ಎಂದು ನಿನಗೆ ಹೇಳಿದ್ದು ಸುಳ್ಳು. ಹೋಳಿಯ ಮುಂದೆ ಹೈದರಾಬಾದಿಗೆ ಹೋಗಿದ್ದೆವಲ್ಲ, ಅದು ಕಣ್ಣಿನ ಡಾಕ್ಟರರ ಹತ್ತಿರ. ಕಾಲಾ ಮೋತಿಯಾ ಎಂಬ ರೋಗವಂತೆ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದು ವರ್ಷದೊಳಗೆ ಹೋಗುತ್ತದೆ ಎಂದರು. ನೋಟ ಅಂಚಿನಿಂದ ಕರಗುತ್ತ ಬರುತ್ತದೆ. ಈಗ ಕೈ ಮುಂದೆ ಚಾಚಿ ಒಂದು ಬಳೆ ಹಿಡಿದು, ಅದರೊಳಗಿಂದ ನೋಡಿದಷ್ಟು ಕಾಣುತ್ತದೆ. ಕಂಡಷ್ಟು ಸ್ಪಷ್ಟವಾಗಿಯೇ ಕಾಣುತ್ತದೆ. ಗಯಾಸುದ್ದೀನ್ ಭಾಯಿಯ ಹೆಂಡತಿ ರಾಬಿಯಾಗೆ ಗೊತ್ತು. ಅವಳ ಬಾಯಿಂದ ಕೇಳುವುದಕ್ಕಿಂತ ನನ್ನ ಕೈಯಿಂದ ತಿಳಿಯಲಿ ಎಂದು ಬರೆದೆ. ಅಳಬೇಡ. ಬಸುರಿ ಅಳಬಾರದು.


ಶ್ರೀನಗರ
ತಾ. ೧೬ ಜೂನ್ ೧೯೩೯

ನನ್ನ ಸೋನಿಗೆ ಅನೇಕ ಆಶೀರ್ವಾದಗಳು.

ಗುಲಮರ್ಗದಿಂದ ಇಳಿದು ಬಂದಾಗ ರಮಜಾನ ನಿನ್ನ ಕಾಗದ ಕೈಗಿಟ್ಟ. ನಿನ್ನ ಅಪ್ಪ ಓದಿದರು, ಆಮೇಲೆ ನಾನು ಓದಿದೆ. ನೀನು ಸಿಟ್ಟಿನಲ್ಲಿ ಬರೆದಿದ್ದೀ. ನನಗೆ ಯಾಕೆ ಹೇಳಲಿಲ್ಲ, ಗುಡ್ಡ ನೋಡುತ್ತ ಯಾಕೆ ಹೊತ್ತು ಕಳೆಯುತ್ತೀರಿ, ಮುಂಬಯಿಗೆ ಹೋಗಿ ದೊಡ್ಡ ಡಾಕ್ಟರರಿಗೆ ತೋರಿಸಿರಿ ಎಂದು. ನಿನ್ನ ಮಾತು ನ್ಯಾಯದ್ದೇ. ಮುಂಬಯಿಗೂ ಹೋಗಿದ್ದೆವು ತಾಯಿ, ಬರುವ ದಾರಿಯಲ್ಲೇ. ಅವರೂ ಅದನ್ನೇ ಹೇಳಿದರು. ಆಮೇಲೆಯೇ ರೈಲು ಹತ್ತಿದ್ದು.

ಇಲ್ಲಿಗೇ ಯಾಕೆ ಬಂದೆವು ಎಂದು ಕೇಳಿದ್ದೀ. ಹೈದರಾಬಾದಿನಿಂದ ಬಂದ ಮರುದಿನ ನಿನ್ನ ಅಪ್ಪ ಅಂಗಡಿಗೆ ಹೋಗಲಿಲ್ಲ. ಬೆಲ್ಲದ ಗಾಡಿಗಳು ಬಂದು ನಿಂತರೂ ಎದ್ದು ಹೋಗಲಿಲ್ಲ. ಅಡುಗೆಮನೆಯ ಹೊಸಿಲ ಮೇಲೆ ಬಂದು ಕೂತರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಆ ಹೊಸಿಲ ಮೇಲೆ ಕೂತದ್ದನ್ನು ನಾನು ಕಂಡಿರಲಿಲ್ಲ.

"ನಿನಗ ಏನು ನೋಡಬೇಕಂತ ಅದ, ಹೇಳು" ಎಂದರು.

ತುಳಜಾಪುರ, ಪಂಢರಪುರ, ಗುಲಬರ್ಗಾ ಬಿಟ್ಟರೆ ನಾನು ಏನು ಕಂಡವಳು? ಗಯಾಸುದ್ದೀನ್ ಭಾಯಿ ಪ್ರತಿ ಸಲ ಶಾಲು ತಂದಾಗ ನಮ್ಮ ಕಟ್ಟೆಯ ಮೇಲೆ ಕೂತು ಬರ್ಫಿನ ಗುಡ್ಡದ ಮಾತು ಹೇಳುತ್ತಿದ್ದರು. ನಾನು ಒಳಗಿನಿಂದ ಕೇಳುತ್ತಿದ್ದೆ, ಶಾಲು ಮಾರುವವರ ಮಾತು ಎಂದುಕೊಳ್ಳುತ್ತಿದ್ದೆ. ಅದೇ ಬಾಯಿಗೆ ಬಂತು. "ಆ ಬರ್ಫಿನ ಗುಡ್ಡ ಖರೇನೇ ಅದ ಏನ್ರಿ?" ಎಂದೆ. ಅವರು ಎದ್ದು ಹೋದರು. ಸಂಜೆಗೆ ಗಯಾಸುದ್ದೀನ್ ಭಾಯಿಯನ್ನು ಕಲ್ಯಾಣದಿಂದ ಕರೆಸಿದ್ದರು.

ಈಗ ಗುಲಮರ್ಗದ ಸುದ್ದಿ ಹೇಳುತ್ತೇನೆ, ಕೇಳು. ಮೋಟಾರು ಗುಡ್ಡದ ಬುಡದವರೆಗೆ ಮಾತ್ರ ಹೋಗುತ್ತದೆ. ಆಮೇಲೆ ಕುದುರೆ. ನಿನ್ನ ಅವ್ವ ಕುದುರೆಯ ಮೇಲೆ ಕೂತಳು ಎಂದು ಓಣಿಯಲ್ಲಿ ಹೇಳಬೇಡ. ದೇವದಾರು ಮರಗಳ ನಡುವೆ ದಾರಿ. ಮರದ ತುದಿ ನೋಡಬೇಕೆಂದು ತಲೆ ಎತ್ತುತ್ತ ಎತ್ತುತ್ತ ಹಿಂದಕ್ಕೆ ಬಿದ್ದುಬಿಡುತ್ತಿದ್ದೆ. ಕುದುರೆಯವನು ಹಿಡಿದ. ಮೇಲೆ ಹೋದರೆ ಮರಗಳೆಲ್ಲ ಸುತ್ತ ನಿಂತು ನಡುವೆ ಹುಲ್ಲುಗಾವಲು ಬಿಟ್ಟುಕೊಟ್ಟಿವೆ. ತುಂಬ ಹೂವು. ನೆಟ್ಟವರಿಲ್ಲ, ನೀರು ಹಾಕಿದವರಿಲ್ಲ, ಕೀಳುವವರೂ ಇಲ್ಲ. ಹಳದಿ, ನೀಲಿ, ನೆಲಕ್ಕೆ ಅಂಟಿಕೊಂಡ ಸಣ್ಣ ಬಿಳಿ. ನಾನು ಕೂತೇ ನೋಡಿದೆ. ಸಣ್ಣ ವಸ್ತು ನನಗೆ ಪೂರ್ತಿ ಕಾಣುತ್ತದೆ. ಒಂದು ನೀಲಿ ಹೂವನ್ನು ಎಷ್ಟು ಹೊತ್ತು ನೋಡಿದೆನೋ, ಗಯಾಸುದ್ದೀನ್ ಭಾಯಿ ಚಹಾ ಕುಡಿದು, ನಮಾಜು ಮಾಡಿ ಬಂದರೂ ನಾನು ಅಲ್ಲೇ ಇದ್ದೆ.

ಅಲ್ಲಿ ನಾವಿದ್ದ ಮರದ ಮನೆಯಲ್ಲಿ ತೊಗರಿ ಬೇಳೆ ಬೇಯಲೇ ಇಲ್ಲ. ಬೆಳಗ್ಗೆ ಇಟ್ಟದ್ದು ಮಧ್ಯಾಹ್ನವಾದರೂ ಕಾಳು ಕಾಳೇ. ಎತ್ತರದಲ್ಲಿ ಹಾಗೆಯೇ, ನೀರು ಕುದಿದರೂ ಬೇಯಿಸುವುದಿಲ್ಲ ಎಂದರು. ಚಳಿಗೆ ಹಲ್ಲು ಕಟಕಟ. ಜೂನ್ ತಿಂಗಳು, ನೋಡು.

ಬರ್ಫು ಇದ್ದದ್ದು ಇನ್ನೂ ಮೇಲೆ, ಖಿಲನಮರ್ಗ ಎಂಬಲ್ಲಿ. ಅಲ್ಲಿಂದ ನಂಗಾ ಪರ್ಬತ್ ಕಾಣುತ್ತದೆ, ಅದಕ್ಕಿಂತ ದೊಡ್ಡ ನೋಟ ಈ ಭೂಮಿಯ ಮೇಲೆ ಕಡಿಮೆ ಎಂದು ಗಯಾಸುದ್ದೀನ್ ಭಾಯಿ ದಾರಿಯುದ್ದಕ್ಕೂ ಹೇಳುತ್ತ ಬಂದರು. ಕುದುರೆ ಇಳಿದು ಕಾಲಿಟ್ಟಾಗ ಕರ್ ಎಂದಿತು. ಬಗ್ಗಿ ಮುಟ್ಟಿದೆ. ತಣ್ಣಗಿರುತ್ತದೆ ಎಂದುಕೊಂಡಿದ್ದೆ, ಕೈ ಉರಿಯಿತು. ಹಿಡಿದಷ್ಟು ಹೊತ್ತು ಉರಿದು, ನೀರಾಗಿ ಮೊಣಕೈವರೆಗೆ ಇಳಿಯಿತು. ಆಮೇಲೆ ತಲೆ ಎತ್ತಿದೆ.

ಬಿಳುಪು. ಬೇರೇನೂ ಕಾಣಲಿಲ್ಲ. ಬಿಸಿಲು ಬರ್ಫಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ನನ್ನ ಬಳೆಯಷ್ಟು ದಾರಿಯೊಳಗೆ ಬರೀ ಬಿಳುಪು ತುಂಬಿಕೊಂಡಿತು. ಎಲ್ಲಿ ನೆಲ ಮುಗಿಯುತ್ತದೆ, ಎಲ್ಲಿ ಗುಡ್ಡ ಶುರುವಾಗುತ್ತದೆ, ಎಲ್ಲಿ ಆಕಾಶ, ಏನೂ ತಿಳಿಯಲಿಲ್ಲ. ತಲೆಯನ್ನು ಈ ಕಡೆ ತಿರುಗಿಸಿದೆ, ಆ ಕಡೆ ತಿರುಗಿಸಿದೆ. ಹಿಂದಿನಿಂದ ಗಯಾಸುದ್ದೀನ್ ಭಾಯಿ "ಕಂಡಿತಾ ಭಾಬಿ?" ಎಂದರು. ಇಷ್ಟು ದೂರ ಕರೆತಂದವರಿಗೆ ಏನು ಹೇಳಲಿ? ಕಂಡಿತು ಎಂದೆ. ನನ್ನ ದನಿ ನಿನ್ನ ಅಪ್ಪನಿಗೆ ಗೊತ್ತು. ಹತ್ತಿರ ಬಂದು ನನ್ನ ಪಕ್ಕದಲ್ಲಿ ಒಂದು ಬಂಡೆಯ ಮೇಲೆ ಕೂತರು, ನನ್ನನ್ನೂ ಕೂಡಿಸಿದರು.

ಆಮೇಲೆ ಮಾತನಾಡಿದರು, ಸೋನಿ. ನಿನ್ನ ಅಪ್ಪ.

"ನಿನ್ನ ಎಡಗೈ ಕಡೆ ಮೊದಲ ಒಂದು ಕರೇ ಗುಡ್ಡ ಅದ, ಗಿಡಾ ತುಂಬೇದ" ಎಂದರು. "ಅದರ ಹಿಂದ ಒಂದು ನೀಲಿದು. ಅದರ ಹಿಂದ ಇನ್ನೊಂದು, ಅದು ಹೊಗಿ ಬಣ್ಣ. ಅದರ ಆಚೆ ಮೋಡ. ಮೋಡದ ಮ್ಯಾಲ ಒಂದು ಗುಡ್ಡ ಅದ."

ಮೋಡದ ಮೇಲೆ ಗುಡ್ಡ ಹೇಗಿರುತ್ತದೆ ಎಂದು ಕೇಳಿದೆ.

"ಅದ. ಬುಡ ಕಾಣಸೂದಿಲ್ಲ. ಬರೇ ತಲಿ ಮ್ಯಾಲ ಅದ. ನೆಲಾ ಮುಟ್ಟಿಲ್ಲ ಅದು."

ಎಷ್ಟು ದೊಡ್ಡದು ಎಂದೆ. ಅವರು ತೂಕದವರು, ಅಳತೆಯವರು, ಬಾಯಿಗೆ ಬಂದದ್ದು ಹೇಳುವವರಲ್ಲ.

"ನಾವಿಬ್ಬರು ಹುಟ್ಟಿದಾಗಿಂದ ನಡದದ್ದೆಲ್ಲಾ ಕೂಡಿಸಿದರ ಅದರ ಒಂದು ಮಗ್ಗಲಿಗೆ ಸಾಲೂದಿಲ್ಲ" ಎಂದರು.

ಹೀಗೆಯೇ ಹೇಳುತ್ತ ಹೋದರು. ಬಿಸಿಲು ಸರಿದ ಹಾಗೆ ಅದರ ಬಣ್ಣ ಹೇಗೆ ಬದಲಾಯಿತು, ಮೊದಲು ಸುಣ್ಣದ ಹಾಗಿತ್ತು, ಆಮೇಲೆ ಹೊಸ ಬೆಲ್ಲದ ಹಾಗೆ ಹೊಂಬಣ್ಣಕ್ಕೆ ತಿರುಗಿತು. ಮೋಡ ಒಂದು ಕಡೆ ಹರಿದು ಒಂದು ಕಣಿವೆ ಕಂಡು ಮುಚ್ಚಿಹೋಯಿತು. ಒಂದು ಹದ್ದು ಬಂತು, ಅದು ನಮಗಿಂತ ಕೆಳಗೆ ಹಾರುತ್ತಿತ್ತು, ಅದರ ಬೆನ್ನು ಕಾಣುತ್ತಿತ್ತು. ಹದ್ದಿನ ಬೆನ್ನನ್ನು ಯಾರು ನೋಡಿರುತ್ತಾರೆ ಹೇಳು? ಅವರು ಹೇಳಿದ ಕಡೆಗೆ ನಾನು ನನ್ನ ಬಳೆಯನ್ನು ತಿರುಗಿಸುತ್ತಿದ್ದೆ. ಬಿಸಿಲು ಇಳಿದ ಮೇಲೆ ಒಂದೊಂದೇ ತುಣುಕು ಕಾಣತೊಡಗಿತು. ಅವರು ಹೇಳಿದ್ದಕ್ಕೆ ನಾನು ಕಂಡ ತುಣುಕನ್ನು ಜೋಡಿಸುತ್ತ ಹೋದೆ. ಕೊನೆಗೆ ಅದು ಸಿಕ್ಕಿತು, ಮೋಡದ ಮೇಲಿನ ತಲೆ. ಸೋನಿ, ಅದನ್ನು ನೋಡಿ ನನಗೆ ಕೈ ಮುಗಿಯಬೇಕೆಂದು ಕೂಡ ಹೊಳೆಯಲಿಲ್ಲ. ನಾನು ಎನ್ನುವುದೇ ಉಳಿದಿರಲಿಲ್ಲ. ನನ್ನ ಕಣ್ಣು, ಅವರ ದನಿ, ಆ ಗುಡ್ಡ, ಇಷ್ಟೇ ಇತ್ತು.

ನಮ್ಮ ಮದುವೆಯಾದಾಗಿನಿಂದ ಅವರು ನನ್ನ ಹತ್ತಿರ ಅಷ್ಟು ಮಾತಾಡಿದ ದಿನವಿಲ್ಲ. ನಾನು ಅವರದು ಗಟ್ಟಿ ಮನಸ್ಸು, ಒಳಗೆ ಏನೂ ಹುಟ್ಟುವುದಿಲ್ಲ ಎಂದುಕೊಂಡಿದ್ದೆ. ಅಲ್ಲಿ ಎರಡು ಗುಡ್ಡ ನೋಡಿ ಬಂದೆ ಎಂದು ನಿನಗೆ ಹೇಳಿದರೆ ತಪ್ಪಾಗಲಾರದು.

ಇಳಿಯುವಾಗ ಗಯಾಸುದ್ದೀನ್ ಭಾಯಿ ಬಿಡಲಿಲ್ಲ. ಇಲ್ಲಿ ಬಂದು ಜಾರದೆ ಹೋದರೆ ಬಂದಂತೆಯೇ ಅಲ್ಲ ಎಂದು ಗಾಲಿಯಿಲ್ಲದ ಒಂದು ಹಲಗೆಯ ಬಂಡಿಯ ಮೇಲೆ ನನ್ನನ್ನು ಕೂಡಿಸಿದರು. ಮುಂದೆ ಅದನ್ನು ನಡೆಸುವವನು, ಹಿಂದೆ ಅವನ ಅಂಗಿ ಗಟ್ಟಿಯಾಗಿ ಹಿಡಿದ ನಾನು. ಅವನು ಕಾಲು ಬಿಟ್ಟ. ಹೊಟ್ಟೆ ಮೇಲೆಯೇ ಉಳಿದು ನಾನು ಕೆಳಗೆ ಹೋದೆ. ಗಾಳಿ ಮುಖಕ್ಕೆ ಹೊಡೆಯಿತು, ಸೆರಗು ಹಾರಿತು, ಬರ್ಫಿನ ಪುಡಿ ಬಾಯೊಳಗೆ ಬಂತು. ಅದಕ್ಕೆ ಕಣ್ಣು ಬೇಕಾಗಿರಲಿಲ್ಲ, ಮುಚ್ಚಿಕೊಂಡೇ ಇದ್ದೆ. ಕೆಳಗೆ ನಿಂತಾಗ ಯಾರೋ ಹುಚ್ಚಿಯ ಹಾಗೆ ನಗುವುದು ಕೇಳಿತು, ಅದು ನಾನೇ. ನಿನ್ನ ಅಪ್ಪ ನನ್ನನ್ನು ಹಿಡಿಯಲು ಓಡಿ ಬಂದು, ಕಾಲು ಜಾರಿ, ಧೋತರದ ಸಮೇತ ಕೂತುಕೊಂಡೇ ಇಳಿದು ಬಂದರು. ತಲೆಯ ಪಟಗ ಮೇಲೆಯೇ ಉಳಿದಿತ್ತು. ಅವರೂ ನಗುತ್ತಿದ್ದರು.

ಈ ತಿಂಗಳ ಕೊನೆಗೆ ಹುಮನಾಬಾದ ಸೇರುತ್ತೇವೆ. ಅಷ್ಟರಲ್ಲಿ ಅಲ್ಲಿ ಮಳೆ ಹಿಡಿದಿರುತ್ತದೆ. ನಿನಗೊಂದು, ನಿನ್ನ ಅತ್ತೆಯವರಿಗೊಂದು ಶಾಲು ಕೊಂಡಿದ್ದೇನೆ, ಕೂಸಿಗೆ ಮೆತ್ತನೆಯ ಟೊಪ್ಪಿಗೆ. ನೀನು ನಕ್ಕೊಂಡಿರು, ಆ ನಗು ಒಳಗಿನದಕ್ಕೂ ಮುಟ್ಟಲಿ.

ನಿನ್ನ ಅವ್ವ,
ಯಶೋದಾಬಾಯಿ

ಮತ್ತೊಂದು ಮಾತು: ಮಧ್ಯಾಹ್ನವೆಲ್ಲ ನಾನು ಕಣ್ಣು ಮುಚ್ಚಿಕೊಂಡು ಕೂಡುತ್ತೇನೆ. ದಣಿವಾಯಿತೇ ಎಂದು ಎಲ್ಲರೂ ಕೇಳುತ್ತಾರೆ, ಹೌದೆನ್ನುತ್ತೇನೆ. ಹಾಗಲ್ಲ. ಉಳಿಸಿಟ್ಟರೆ ಉಳಿಯುವ ವಸ್ತು ಇದಲ್ಲ ಎಂದು ಡಾಕ್ಟರರು ಹೇಳಿದ್ದಾರೆ, ನನಗೂ ತಿಳಿಯುತ್ತದೆ. ಆದರೂ ಮುಚ್ಚಿಕೊಳ್ಳುತ್ತೇನೆ. ದಸರೆಯ ಹೊತ್ತಿಗೆ ನಿನ್ನ ಕೂಸಿನ ಮುಖದಷ್ಟಾದರೂ ಉಳಿಯಬೇಕು. ಏಳನೆಯ ತಿಂಗಳಲ್ಲಿಯೇ ಬಂದುಬಿಡು, ಅತ್ತೆಯವರನ್ನು ನಾನೂ ಕೇಳಿಕೊಂಡೆನೆಂದು ಹೇಳು. ಅಲ್ಲಿಯವರೆಗೆ ನಿನ್ನ ಮುಖ ನೋಡುತ್ತಿರುತ್ತೇನೆ.


ಹುಮನಾಬಾದ
ತಾ. ೧೧ ಫೆಬ್ರವರಿ ೧೯೪೦

ಸೋನಿಗೂ ನನ್ನ ಮೊಮ್ಮಗಳಿಗೂ ಬೊಗಸೆ ತುಂಬ ಆಶೀರ್ವಾದ.

ಅಕ್ಷರ ನೋಡಿ ನಿನಗೆ ತಿಳಿದಿರಬೇಕು, ಹೇಳುತ್ತಿರುವವಳು ನಾನು, ಬರೆಯುತ್ತಿರುವವರು ನಿನ್ನ ಅಪ್ಪ. ನೀವು ಹೋಗಿ ತಿಂಗಳಾಗುತ್ತ ಬಂತು, ಒಂದು ಕಾಗದವಿಲ್ಲ ಎಂದು ಬೇಸರಪಟ್ಟಿರಬೇಕು. ಇವರನ್ನು ಹಿಡಿದು ಕೂಡಿಸುವುದೇ ಕಷ್ಟ. ತೊಗರಿಯ ರಾಶಿ ಬಂದಿದೆ, ಅಂಗಡಿಯ ಮುಂದೆ ಗಾಡಿಗಳ ಸಾಲು. ಇವತ್ತು ಊಟವಾದ ಮೇಲೆ ತಾವೇ ಕಾಗದ ತಂದು "ಹೇಳು" ಎಂದರು.

ಸಂಕ್ರಾಂತಿಯ ಮುಂದೆ ಉಳಿದದ್ದೂ ಹೋಯಿತು. ನೀನು ಇಲ್ಲಿರುವಾಗಲೇ ಹೋಗುತ್ತಿತ್ತು, ನಿನಗೆ ಗೊತ್ತಾಗದ ಹಾಗೆ ಗೋಡೆ ಹಿಡಿದು ಓಡಾಡುತ್ತಿದ್ದೆ. ಈಗ ಬೆಳಕಿದೆ ಕತ್ತಲೆಯಿದೆ ಎಂಬಷ್ಟೇ ತಿಳಿಯುತ್ತದೆ. ಹೆದರಬೇಡ. ಕಣ್ಣು ಹೋಗುವ ಮುಂಚೆ ಹೆದರಿಕೆ ಇರುತ್ತದೆ, ಹೋದ ಮೇಲೆ ಇರುವುದಿಲ್ಲ. ರೊಟ್ಟಿ ಬಡಿಯುತ್ತೇನೆ, ಬೆಂದದ್ದು ವಾಸನೆಗೆ ತಿಳಿಯುತ್ತದೆ. ಒಲೆಯ ಮುಂದೆ ಇವರು ಒಬ್ಬ ಹೆಣ್ಣುಮಗಳನ್ನು ಇಟ್ಟಿದ್ದಾರೆ, ಜಿಜಾಬಾಯಿ ಎಂದು. ಅವಳಿಗೆ ನನಗಿಂತ ಹೆಚ್ಚು ಹೆದರಿಕೆ.

ಮೊಮ್ಮಗಳು ಹುಟ್ಟಿದ ದಿನದ ಒಂದು ಮಾತು ನಿನಗೆ ಹೇಳಿರಲಿಲ್ಲ. ನೀನು ದಣಿದು ನಿದ್ದೆ ಹೋಗಿದ್ದೆ. ಮುಂಜಾನೆ, ಅಂಗಳಕ್ಕೆ ಬಿಸಿಲು ಬಿದ್ದಿತ್ತು. ಸೂಲಗಿತ್ತಿ ಕೂಸನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಬಾಗಿಲ ಬೆಳಕಿಗೆ ತಂದು ತೊಡೆಯ ಮೇಲೆ ಮಲಗಿಸಿಕೊಂಡೆ. ಆಗ ನನ್ನ ಕಣ್ಣಿನಲ್ಲಿ ಉಳಿದ ಬಳೆ ಮೊದಲಿಗಿಂತ ಕಿರಿದಾಗಿತ್ತು. ತುಣುಕು ತುಣುಕಾಗಿ ನೋಡಬೇಕಾದೀತು ಎಂದುಕೊಂಡಿದ್ದೆ. ಆ ಮುಖ ಪೂರ್ತಿ ಹಿಡಿಯಿತು, ಸೋನಿ. ಹಣೆ, ಮುಚ್ಚಿದ ಕಣ್ಣು, ಒದ್ದೆ ಕೂದಲು, ಗದ್ದ, ಎಲ್ಲ ಒಂದೇ ನೋಟಕ್ಕೆ. ಯಾರೂ ಜೋಡಿಸಿ ಹೇಳಬೇಕಾಗಿರಲಿಲ್ಲ. ಅವಳು ಆಕಳಿಸಿದಳು. ಆಕಳಿಸುವಾಗ ಆ ಸಣ್ಣ ಮುಖ ಎಲ್ಲ ಕೂಡಿ ಮಡಚಿಕೊಂಡು ಮತ್ತೆ ಬಿಚ್ಚಿಕೊಂಡಿತು. ಗುಡ್ಡದ ಮುಂದೆ ಹೇಗೆ ಕೂತಿದ್ದೆನೋ ಹಾಗೆಯೇ ಕೂತಿದ್ದೆ. ದೊಡ್ಡದು ಎಂದರೆ ಏನು, ಸಣ್ಣದು ಎಂದರೆ ಏನು, ನನಗೆ ಈಗ ಅಷ್ಟು ತಿಳಿಯುವುದಿಲ್ಲ.

ಓಣಿಯ ಹೆಂಗಸರು ಸಂಜೆಗೆ ಬಂದು ಕಾಶ್ಮೀರದ ಸುದ್ದಿ ಹೇಳು ಎನ್ನುತ್ತಾರೆ. ನಾನು ತೇಲುವ ತೋಟದ್ದು ಹೇಳುತ್ತೇನೆ, ಬೇಯದ ಬೇಳೆಯದು ಹೇಳುತ್ತೇನೆ. ಬಣ್ಣ ತಪ್ಪಿದರೆ ಹೊರಗಿನ ಕಟ್ಟೆಯಿಂದ ಇವರ ದನಿ ಬರುತ್ತದೆ, "ನೀಲಿ ಅಲ್ಲ, ಹೊಗಿ ಬಣ್ಣ." ಹೆಂಗಸರು ಸೆರಗು ಮುಚ್ಚಿಕೊಂಡು ನಗುತ್ತಾರೆ. ಗುಂಡಪ್ಪ ಸಾವುಕಾರರು ಬಾಯಿ ಬಿಟ್ಟರಲ್ಲ ಎಂದು. ದಿನಾ ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಹೊರಗೆ ಏನೇನಿದೆ ಎಂದು ಹೇಳಿ ಹೋಗುತ್ತಾರೆ. ಯಾವ ಮೋಡ, ಯಾರ ಮನೆಯ ಮುಂದೆ ಯಾವ ರಂಗೋಲಿ. ಇದನ್ನು ಬರೆಯುವುದಿಲ್ಲ ಎನ್ನುತ್ತಿದ್ದಾರೆ, ನಾನು ಬರೆಸುತ್ತಿದ್ದೇನೆ.

ಕೂಸಿಗೆ ಎಣ್ಣೆ ಹಚ್ಚುವಾಗ ಕಿವಿಗೆ ಹೋಗದಂತೆ ನೋಡಿಕೋ. ನಿನ್ನ ಮನೆಯಲ್ಲಿ ನಗು ತಪ್ಪದಿರಲಿ, ಅವಳ ಕಾಲು ಬೇಗ ನೆಲ ಹತ್ತಲಿ.

ನಿನ್ನ ಅವ್ವ,
ಯಶೋದಾಬಾಯಿ

ಮಗಳು ಸೋನಿಗೆ ನಿನ್ನ ಅಪ್ಪನ ಎರಡು ಮಾತು. ನಿನ್ನ ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಈಗ ಅವಳು ಒಳಗೆ ಹೋಗಿದ್ದಾಳೆ. ಇದನ್ನು ಅವಳಿಗೆ ಓದಿ ತೋರಿಸುವುದಿಲ್ಲ.

ನೀವು ಹೊರಟ ದಿನ ಮೋಟಾರು ಸ್ಟ್ಯಾಂಡಿಗೆ ನಾವಿಬ್ಬರೂ ಬಂದಿದ್ದೆವು. ಗದ್ದಲ ಬಹಳ ಇತ್ತು. ನಿಮ್ಮ ಕಲ್ಯಾಣದ ಮೋಟಾರು ಹೊರಟುಹೋಯಿತು. ಅದರ ಪಕ್ಕದಲ್ಲಿ ಚಿಟಗುಪ್ಪದ್ದು ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಅವಳು ಆ ಸಪ್ಪಳದ ಕಡೆಗೆ ತಿರುಗಿ ಕೈ ಮಾಡತೊಡಗಿದಳು. ಬಹಳ ಹೊತ್ತು ಮಾಡಿದಳು. ಕಿಟಕಿಯಲ್ಲಿ ಯಾರೋ ಹೆಣ್ಣುಮಗಳು ಇದ್ದಳು, ನಮಗೆ ಗುರುತಿಲ್ಲ. ಅವಳು ನಿನ್ನ ಅವ್ವನನ್ನು ನೋಡಿ ತಿರುಗಿ ಕೈ ಮಾಡಿದಳು.

"ಸೋನಿ ಕಾಣತಾಳೇನ್ರಿ?" ಎಂದು ನಿನ್ನ ಅವ್ವ ಕೇಳಿದಳು.

"ಕೈ ಮಾಡಾಕತ್ತಾಳ" ಎಂದೆ.

ಅಲ್ಲಿಯವರೆಗೆ ನನಗೆ ಕಾಣದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಯುಗಾದಿಗೆ ಬಾ. ಹೊರಡುವಾಗ ಮೋಟಾರು ಹತ್ತುವ ಮೊದಲು ಅವಳ ಎರಡೂ ಕೈ ಹಿಡಿದು, ಹೋಗಿ ಬರುತ್ತೇನೆ ಎಂದು ಬಾಯಿಬಿಟ್ಟು ಹೇಳು. ಕೂಸಿನ ಕೈಯನ್ನೂ ಅವಳ ಕೈಯಲ್ಲಿಡು.

ಗುಂಡಪ್ಪ